ಕಬ್ಬಿಣ ತಿಕ್ಕಿದ ಮಗಳು

ನಮ್ಮ ಮನೆಯವರು ಟರ್ನರ್. ಮೂವತ್ತು ವರ್ಷದಿಂದ ಬಸ್ ಸ್ಟ್ಯಾಂಡಿನ ಹಿಂದೆ ಒಂದು ಹಳೆಯ ಎಚ್‌ಎಂಟಿ ಲೇತು ಇಟ್ಟುಕೊಂಡಿದ್ದಾರೆ. ಅಷ್ಟೂ ವರ್ಷ ಮಧ್ಯಾಹ್ನದ ಬುತ್ತಿ ಒಯ್ದವಳು ನಾನು. ಆದರೆ ಹೊಸ್ತಿಲು ದಾಟಿದವಳಲ್ಲ. "ಸೆರಗು ಸಿಕ್ಕೀತು, ಅಲ್ಲೇ ನಿಲ್ಲು" ಎನ್ನುವರು. ಅದೇನೂ ಸುಳ್ಳಲ್ಲ. ಆದರೆ ಲೇತು ನಿಂತಿದ್ದಾಗಲೂ ಅದೇ ಮಾತು!

ಎಸ್ಸೆಸ್ಸೆಲ್ಸಿ ಮುಗಿಸಿದ ಮಗಳು ಐಟಿಐಗೆ ಸೇರುತ್ತೇನೆಂದಾಗ ನಮ್ಮತ್ತೆ, "ಕಬ್ಬಿಣ ತಿಕ್ಕಿದ ಕೈಯನ್ನು ಯಾರು ಹಿಡೀತಾರೆ?" ಎಂದರು. ಟಾಟಾ ಟೆಕ್ನಾಲಜೀಸ್ ಜೊತೆ ಸೇರಿ ನಮ್ಮ ರಾಜ್ಯದ 150 ಸರ್ಕಾರಿ ಐಟಿಐಗಳಿಗೆ ಹೊಸ ಯಂತ್ರಗಳನ್ನು ತಂದು, 2022ರ ಜೂನ್‌ನಲ್ಲಿ ಉದ್ಘಾಟನೆ ಮಾಡಿದ ಸುದ್ದಿಯನ್ನು ಇವಳು ಓದಿದ್ದಳು. "ಅಜ್ಜೀ, ಈಗ ಕಂಪ್ಯೂಟರಿನಲ್ಲಿ ಬರೆದುಕೊಟ್ಟರೆ ಸಿಎನ್‌ಸಿ ಯಂತ್ರವೇ ಕಡೆಯುತ್ತದೆ, ಕೈಗೆ ಎಣ್ಣೆಯೂ ಹತ್ತೋಲ್ಲ" ಎಂದಳು. ನಾನೂ ನಂಬಿದೆ.

ಮೊದಲ ತಿಂಗಳೇ ಅಂಗೈಯಲ್ಲಿ ಬೊಬ್ಬೆ. ಹೊಸ ಯಂತ್ರ ತನ್ನ ಪಾಡಿಗೆ ಹೊಳೆಯುತ್ತಿತ್ತಂತೆ. ಇವಳ ಕೈಗೆ ಬಂದದ್ದು ಅರ, ಗರಗಸ, ಒಂದು ಕಬ್ಬಿಣದ ತುಂಡು. ಉಜ್ಜಿ ಉಜ್ಜಿ ಚೌಕ ಮಾಡಬೇಕು. ಮೂಲೆಮಟ್ಟ ಇಟ್ಟು ಬೆಳಕಿಗೆ ಹಿಡಿದರೆ ಸಂದಿಯಲ್ಲಿ ಎಳೆ ಬೆಳಕೂ ನುಸುಳಬಾರದು. "ಎರಡು ಮಗ್ಗುಲು ಸರಿಯಾಯ್ತು ಅನ್ನೋಷ್ಟರಲ್ಲಿ ಮೂರನೇದು ಕೆಡುತ್ತಮ್ಮಾ" ಎಂದು ಅತ್ತಳು. ಕೊಬ್ಬರಿ ಎಣ್ಣೆ ಹಚ್ಚುತ್ತಾ ನನಗೆ ಸಿಟ್ಟೇ ಬಂತು. ಅಂಥ ಯಂತ್ರ ಬಂದ ಮೇಲೂ ಈ ಉಜ್ಜಾಟ ಯಾಕೆ?

ಎರಡನೇ ವರ್ಷ ಗೊತ್ತಾಯಿತು. ಯಂತ್ರಕ್ಕೆ ಕೈಹಾಕುವ ಮೊದಲು ಕಂಪ್ಯೂಟರ್ ಪರದೆಯ ಮೇಲೆ ಕಡೆದು ನೋಡುತ್ತಾರಂತೆ. ಇವಳು ಒಂದು ಗುರುತು ತಪ್ಪಾಗಿ ಹಾಕಿದ್ದಳು. ಪರದೆಯ ಮೇಲೆ ಉಳಿ ಹೋಗಿ ತಿರುಗುವ ಚಕ್‌ಗೆ ಗುದ್ದಿತು. ಅಳಿಸಿ ಮತ್ತೆ ಬರೆದಳು, ಅಷ್ಟೇ. ಮನೆಗೆ ಬಂದು ನಗುತ್ತಾ ಹೇಳಿದಾಗ ಇವರು ನಗಲಿಲ್ಲ. "ನಿಜವಾದ ಯಂತ್ರವಾಗಿದ್ದರೆ? ಪರದೆಗೆ ಪೆಟ್ಟು ಬೀಳೋಲ್ಲ. ಕಬ್ಬಿಣ ಎಷ್ಟು ಬಗ್ಗುತ್ತೆ, ಎಷ್ಟು ಬಗ್ಗೋಲ್ಲ ಅನ್ನೋದು ಅರ ಉಜ್ಜಿದ ತೋಳಿಗೇ ಗೊತ್ತು" ಎಂದವರೇ ಭಾನುವಾರ ಅವಳನ್ನು ತಮ್ಮ ಲೇತಿನ ಮುಂದೆ ನಿಲ್ಲಿಸಿದರು. ಉಳಿ ಮೊಂಡಾದಾಗಿನ ಕೀರಲು ದನಿ, ಹೆಚ್ಚು ಆಳ ಕೊಟ್ಟಾಗಿನ ನಡುಕ. ಕಾವಲಿ ಕಾದದ್ದನ್ನು ನಾವು ನೀರು ಚಿಮುಕಿಸಿ ಸದ್ದಿನಲ್ಲೇ ತಿಳಿಯುವುದಿಲ್ಲವೇ, ಹಾಗೆ.

ಹಾಗೆಂದು ಇವರದೇ ಗೆಲುವು ಅಂದುಕೊಳ್ಳಬೇಡಿ. ಒಂದೇ ಅಳತೆಯ ನೂರು ಬುಷ್ ಬೇಕಾದವರು ಈಗ ಇವರ ಹತ್ತಿರ ಬರುವುದಿಲ್ಲ. "ಅಪ್ಪಾ, ನಿಮ್ಮ ಕೈ ಐವತ್ತನೇದಕ್ಕೆ ದಣಿಯುತ್ತೆ, ಅದು ದಣಿಯೋಲ್ಲ" ಎಂದಳು ಮಗಳು. ಇವರು ಸುಮ್ಮನೆ ಟೀ ಕುಡಿದರು. ಆ ದಣಿಯದ ಯಂತ್ರದ ಮುಂದೆ ಸರದಿ ಸಿಗುವುದೇ ಕಷ್ಟ, ಹುಡುಗರು ನುಗ್ಗುತ್ತಾರೆ. ಇವಳು ಬಾಗಿಲು ತೆಗೆಯುವ ಹೊತ್ತಿಗೇ ಹೋಗಿ ನಿಲ್ಲುವುದನ್ನು ಕಲಿತಿದ್ದಾಳೆ.

ಹೋದ ಭಾನುವಾರ ಬುತ್ತಿ ಒಯ್ದಾಗ ಅವಳೇ, "ಒಳಗೆ ಬಾರಮ್ಮ" ಎಂದಳು. ಲೇತು ನಿಂತಿತ್ತು. ಇವರು ಏನೂ ಅನ್ನಲಿಲ್ಲ. ಸ್ಟೂಲಿನ ಮೇಲಿದ್ದ ಎಣ್ಣೆಬಟ್ಟೆ ತೆಗೆದರು. ಮಗಳು ನನ್ನ ತಲೆಯಿಂದ ಒಂದು ಕೂದಲು ಕಿತ್ತು ಮೈಕ್ರೋಮೀಟರಿನ ಬಾಯಿಗಿಟ್ಟಳು. "ನೀನೇ ತಿರುಗಿಸು, ಟಿಕ್ ಟಿಕ್ ಅಂದ ಮೇಲೆ ಬಿಡು." ಗೆರೆ ಎಣಿಸಿದೆ. ಒಂದು ಮಿಲಿಮೀಟರನ್ನು ನೂರು ಪಾಲು ಮಾಡಿದರೆ ಅದರಲ್ಲಿ ಏಳು ಪಾಲು, ನನ್ನ ಕೂದಲು! ಬಿಳಿ ಕೂದಲು ಎಷ್ಟಿರುತ್ತದೋ ನೋಡೋಣವೆಂದು ಇಬ್ಬರೂ ಇವರ ತಲೆಗೆ ಕೈ ಹಾಕಿದೆವು.