ಆಯಿಯ ಹೆಸರು

ನಮ್ಮೂರು ನೆಲೋಗಿ ಅಂದಕೂಡಲೇ ಹೊರಗಿನವರು ಕೇಳುವುದು ಒಂದೇ ಮಾತು: ‘ಧರ್ಮಸಿಂಗ್ ಅವರ ಊರಲ್ವಾ?’ ಹೌದು, ಜೇವರ್ಗಿ ತಾಲೂಕಿನ ಅದೇ ನೆಲೋಗಿ. ಆದರೆ ನಮ್ಮ ಓಣಿಯ ಮಟ್ಟಿಗೆ ದೊಡ್ಡ ಹೆಸರು ಬೇರೆಯೇ ಇತ್ತು. ಅದು ನಮ್ಮ ಆಯಿಗೆ ಊರವರು ಇಟ್ಟ ಅಡ್ಡಹೆಸರು. ಅದನ್ನು ಇಲ್ಲಿ ಬರೆಯುವುದಿಲ್ಲ, ಕಾರಣ ಮುಂದೆ ಗೊತ್ತಾಗುತ್ತದೆ.

ಆಯಿ ಶೇಂಗಾ ಹಿಂಡಿ ಕುಟ್ಟುತ್ತಿದ್ದಳು. ಹುರಿದ ಶೇಂಗಾ, ಒಣ ಖಾರ, ಜೀರಿಗೆ, ಉಪ್ಪು, ಸಿಪ್ಪೆ ತೆಗೆಯದ ಬಳ್ಳೊಳ್ಳಿ. ಎಣ್ಣೆ ಬಿಟ್ಟು ಮುದ್ದೆಯಾಗುವ ತನಕ ಒರಳಿನಿಂದ ತೆಗೆಯುತ್ತಿರಲಿಲ್ಲ. ಓಣಿಯ ಮಕ್ಕಳು ಬಟ್ಟಲು ಹಿಡಿದು ಬಂದು ಅಡ್ಡಹೆಸರು ಹೇಳಿಯೇ ಹಿಂಡಿ ಕೇಳುತ್ತಿದ್ದರು. ರೊಕ್ಕದ ಮಾತಿಲ್ಲ. ಒಮ್ಮೆ ಎರಡು ಸೇರು ಜೋಳ ಬರುತ್ತಿತ್ತು, ಒಮ್ಮೆ ನಿಂಬೆಹಣ್ಣು, ಒಮ್ಮೆ ಏನೂ ಇಲ್ಲ.

ಆಯಿ ತೀರಿಕೊಂಡದ್ದು 2011ರಲ್ಲಿ. ತೊಗರಿ ಎರಡು ವರ್ಷ ಸಾಲಾಗಿ ಕೈಕೊಟ್ಟ ಮೇಲೆ, 2016ರಲ್ಲಿ ನಮ್ಮ ವೈನಿ ಹಿಂಡಿಯನ್ನೂ ಕಡಕ್ ರೊಟ್ಟಿಯನ್ನೂ ಮಾರಲು ಶುರು ಮಾಡಿದರು. 2019ರಲ್ಲಿ ಜೇವರ್ಗಿಯ ಪ್ರೆಸ್ಸಿನಲ್ಲಿ ಸ್ಟಿಕ್ಕರ್ ಮಾಡಿಸಿದರು: ಒಂದು ಒರಳಿನ ಚಿತ್ರ, ಅದರ ಕೆಳಗೆ ಆಯಿಯ ಅಡ್ಡಹೆಸರು.

ಕಳೆದ ವರ್ಷ ಪ್ರಧಾನಿಯವರು ಮನ್ ಕಿ ಬಾತ್‌ನಲ್ಲಿ ಕಲಬುರಗಿ ರೊಟ್ಟಿಯ ಪ್ರಸ್ತಾಪ ಮಾಡಿದಾಗ ವೈನಿ ನನಗೆ ಫೋನ್ ಹಚ್ಚಿದರು. “ತಮ್ಮಾ, ರೊಟ್ಟಿಗಿ ಬ್ರ್ಯಾಂಡ್ ಆಗ್ಯಾದಂತ. ನಮ್ಮ ಹೆಸರಿಗೂ ಏನರ ಕಾಗದ ಮಾಡಸ್ಬೇಕಲ್ಲಾ?”

ನಾನು ಓದಿದವನು, ಕಲಬುರಗಿಯಲ್ಲಿ ಇರುವವನು. ಹೀಗಾಗಿ ಕೆಲಸ ನನಗೇ ಬಂತು. ಸಣ್ಣ ಉದ್ದಿಮೆಯವರು ಆನ್‌ಲೈನಿನಲ್ಲಿ ಅರ್ಜಿ ಹಾಕಿದರೆ ಒಂದು ವರ್ಗಕ್ಕೆ 4,500 ರೂಪಾಯಿ. ಸರಕು, ಸೇವೆಗಳನ್ನು 45 ವರ್ಗಗಳಾಗಿ ಹಂಚಿದ್ದಾರೆ. ನಮ್ಮ ರೊಟ್ಟಿ, ಮಸಾಲೆ ಬರುವುದು 30ನೆಯದರಲ್ಲಿ. ಒಮ್ಮೆ ನೋಂದಣಿಯಾದರೆ ಹತ್ತು ವರ್ಷ, ಆಮೇಲೆ ನವೀಕರಣ. ಬರೀ ಊರಿನ ಹೆಸರನ್ನು ಒಬ್ಬರೇ ಹೀಗೆ ಬರೆಸಿಕೊಳ್ಳುವುದು ಕಷ್ಟ. ಅದಕ್ಕೆ ಬೇರೆ ದಾರಿಯಿದೆ, ಭೌಗೋಳಿಕ ಗುರುತು. ನಮ್ಮ ತೊಗರಿ ಬೇಳೆಗೆ ಅದು 2019ರಲ್ಲಿ ಸಿಕ್ಕಿತು, ಅದೂ ‘ಗುಲ್ಬರ್ಗಾ’ ಹೆಸರಿನಲ್ಲಿ. ಊರು 2014ರಲ್ಲೇ ಕಲಬುರಗಿಯಾಗಿತ್ತು, ಬೇಳೆ ಮಾತ್ರ ಹಳೇ ಹೆಸರಿನಲ್ಲೇ ಉಳಿಯಿತು.

ಅರ್ಜಿ ಹಾಕುವ ಮೊದಲು ಆ ಹೆಸರು ಈಗಾಗಲೇ ಇದೆಯೇ ಎಂದು ಹುಡುಕಬೇಕು. ಉಚ್ಚಾರದ ಮೇಲೂ ಹುಡುಕಬಹುದು. ಆಯಿಯ ಹೆಸರು ಹಾಕಿ ಗುಂಡಿ ಒತ್ತಿದೆ. ಒಂದು ಅರ್ಜಿ ಬಂತು. ದೇವನಾಗರಿಯಲ್ಲಿ ಅದೇ ಹೆಸರು, ಅದೇ 30ನೆಯ ವರ್ಗ, ವಿಳಾಸ ಸೊಲ್ಲಾಪುರ. ಟ್ರೇಡ್‌ಮಾರ್ಕ್ ಜರ್ನಲ್ಲಿನಲ್ಲಿ ಆಗಲೇ ಪ್ರಕಟವಾಗಿತ್ತು. ಪ್ರಕಟವಾದ ನಾಲ್ಕು ತಿಂಗಳೊಳಗೆ ಯಾರಾದರೂ ವಿರೋಧ ಸಲ್ಲಿಸಬೇಕು, ಇಲ್ಲವಾದರೆ ಹೆಸರು ಅವರದ್ದಾಗುವ ಹಾದಿ ಸಲೀಸು. ಉಳಿದದ್ದು 41 ದಿನ. ಅರ್ಜಿದಾರರ ಹೆಸರು ಓದಿದೆ. ನಮ್ಮ ಸೋದರತ್ತೆಯ ಮಗ.

ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ನಂದಿನಿ ಪ್ರಕರಣದ ತೀರ್ಪು ಓದುತ್ತ ಕೂತೆ. ಕೆಎಂಎಫ್ 1985ರಿಂದ ಹಾಲಿಗೆ ಆ ಹೆಸರು ಬಳಸುತ್ತಿತ್ತು. ಬೆಂಗಳೂರಿನ ಹೋಟೆಲೊಂದು 1989ರಿಂದ ಅದೇ ಹೆಸರಿಗೆ ಇಂಗ್ಲಿಷಿನಲ್ಲಿ ಒಂದು ಎಚ್ ಹೆಚ್ಚಿಗೆ ಸೇರಿಸಿ ನಡೆಸುತ್ತಿತ್ತು. ಜಗಳ ಸುಪ್ರೀಂ ಕೋರ್ಟಿಗೆ ಹೋಗಿ 2018ರ ಜುಲೈಯಲ್ಲಿ ತೀರ್ಪಾಯಿತು. ನಂದಿನಿ ಎಂಬುದು ಪುರಾಣದ ದೇವಿಯ, ಹಸುವಿನ ಹೆಸರು, ಕೆಎಂಎಫ್ ಹುಟ್ಟಿಸಿದ ಪದವಲ್ಲ. ಸರಕು ಬೇರೆ, ಚಿತ್ರ ಬೇರೆ. ಹಾಲು ಮತ್ತು ಹಾಲಿನ ಪದಾರ್ಥ ಬಿಟ್ಟು ಉಳಿದದ್ದಕ್ಕೆ ಹೋಟೆಲಿನವರು ಇಟ್ಟುಕೊಳ್ಳಲಿ ಎಂದಿತು ಕೋರ್ಟು. ಓದಿ ಸಮಾಧಾನವೇನೂ ಆಗಲಿಲ್ಲ. ನಮ್ಮದು ಪುರಾಣದ ಹೆಸರಲ್ಲ. ಸರಕೂ ಒಂದೇ, ಹಿಂಡಿ. ಆಯಿಯೂ ಒಬ್ಬಳೇ.

ಊರಿಗೆ ಹೋಗಿ ಹೇಳಿದೆ. ಅಣ್ಣ ಕೂಗಾಡಿದ. ವೈನಿ ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿ, “ಅವನಿಗೂ ಆಯಿನೇ ಅಲ್ಲೇನು?” ಅಂದರು. ಯಾರೂ ಮಾತಾಡಲಿಲ್ಲ.

ಕಲಬುರಗಿಯ ವಕೀಲರು ಸ್ಟಿಕ್ಕರ್ ನೋಡಿ ಮೊದಲು ಬೈದರು. ಹೆಸರಿನ ಪಕ್ಕ ವೃತ್ತದೊಳಗೆ ಆರ್ ಅಕ್ಷರವಿತ್ತು. ಪ್ರೆಸ್ಸಿನವನು ಯಾವುದೋ ಪ್ಯಾಕೆಟ್ ನೋಡಿ ಚೆಂದಕ್ಕೆ ಹಾಕಿದ್ದ. ನೋಂದಣಿ ಆಗದೆ ಅದನ್ನು ಹಾಕುವುದು ಕಾನೂನಿಗೆ ವಿರುದ್ಧ, 2024ರ ತನಕ ಅದಕ್ಕೆ ಮೂರು ವರ್ಷದವರೆಗೆ ಜೈಲೂ ಇತ್ತು. ಆರು ವರ್ಷದಿಂದ ನಾವು ಅದನ್ನು ಅಂಟಿಸುತ್ತಲೇ ಇದ್ದೆವು! ಅವತ್ತು ಸಂಜೆ ಮನೆಮಂದಿಯೆಲ್ಲ ಕೂತು ಉಳಿದ ಸ್ಟಿಕ್ಕರ್‌ಗಳ ಮೇಲೆ ಕರೀ ಮಾರ್ಕರ್ ಎಳೆದೆವು.

ಆಮೇಲೆ ವಕೀಲರು ಕೇಳಿದ್ದು ಪುರಾವೆ. ಮೊದಲಿನಿಂದ ಬಳಸುತ್ತ ಬಂದವರ ಹಕ್ಕನ್ನು ಕಾನೂನು ಕಾಯುತ್ತದೆ, ನೋಂದಣಿ ಯಾರದ್ದೇ ಇರಲಿ. ಆದರೆ ಬಳಸಿದ್ದನ್ನು ತೋರಿಸಬೇಕು, ಪ್ರಮಾಣಪತ್ರ ಮಾಡಿ, ಕಾಗದ ಲಗತ್ತಿಸಿ. ನಮ್ಮಲ್ಲಿ ಬಿಲ್ಲು ಎಲ್ಲಿಂದ ಬರಬೇಕು? ಕೊನೆಗೆ ಸಿಕ್ಕಿದ್ದು ಪ್ರೆಸ್ಸಿನ ಒಂದು ರಸೀದಿ, ಮೊಬೈಲಿನಲ್ಲಿ ಉಳಿದ ನಾಲ್ಕಾರು ಫೋಟೊ, ಮತ್ತೆ ವೈನಿಯ ಉದ್ರಿ ಪುಸ್ತಕ. 2016ರಿಂದ ಯಾರಿಗೆ ಎಷ್ಟು ಪಾವು ಹಿಂಡಿ, ಎಷ್ಟು ಬಾಕಿ, ಎಲ್ಲ ಅದರಲ್ಲಿತ್ತು. ಎಣ್ಣೆಯ ಬೆರಳಚ್ಚು ಪ್ರತಿ ಪುಟದ ಮೇಲೆ. ವಕೀಲರು ಅದನ್ನು ಮೂಸಿ ನೋಡಿ, “ಇದಕ್ಕಿಂತ ದೊಡ್ಡ ಸಾಕ್ಷಿ ಬ್ಯಾಡ” ಅಂದರು. ಅವರ ಹೆಸರೂ ಅದರಲ್ಲಿರಬಹುದು ಅಂತ ನಾನು ಒಮ್ಮೆ ಹುಡುಕಿದೆ.

ಅಷ್ಟರಲ್ಲಿ ಅತ್ತಿ ಸೊಲ್ಲಾಪುರದಿಂದ ಬಂದರು. ಬಂದವರು ಕಟ್ಟೆಗೆ ಕೂತು ವೈನಿ ಕುಟ್ಟಿದ ಹಿಂಡಿ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡರು. “ಬಳ್ಳೊಳ್ಳಿ ಸಿಪ್ಪಿ ಸಮೇತ ಹಾಕೀದಿ. ಅವ್ವ ಹಿಂಗೇ ಹಾಕ್ತಿದ್ಳು. ನನ್ನ ಮಗ ಮಿಕ್ಸರ್‌ಗಿ ಹಾಕ್ತಾನ” ಅಂದರು. ಆಮೇಲೆ ಅತ್ತರು. ಅವರ ಮಗ ಬ್ಯಾಂಕಿನಿಂದ ಸಾಲ ತಗೊಂಡಿದ್ದ, ಹತ್ತು ಸಾವಿರ ಲೇಬಲ್ ಅಚ್ಚು ಹಾಕಿಸಿದ್ದ. ಫೋನಿನಲ್ಲಿ ಅವನು ನನಗೆ ಹೇಳಿದ್ದು ಇಷ್ಟು: “ಹೊರಗಿನವ್ರು ಯಾರರ ತಗೊಳ್ಳೋಕಿಂತ ಮೊದಲ ನಾನೇ ತಗೊಂಡೆ. ನೀವೇನು ಕಾಗದ ಮಾಡಸ್ತಿದ್ರೇನು?” ಅದಕ್ಕೆ ನನ್ನ ಹತ್ತಿರ ಉತ್ತರವಿರಲಿಲ್ಲ. ಆಯಿ ಸತ್ತು ಅಷ್ಟು ವರ್ಷ, ನಾನು ಕಲಬುರಗಿಯಲ್ಲಿ ಕೂತು ಏನು ಮಾಡುತ್ತಿದ್ದೆ?

ಕಡೆಗೆ ನಿರ್ಧಾರ ಮಾಡಿದ್ದು ವೈನಿ. ಅವಧಿ ಮುಗಿಯಲು ಮೂರು ದಿನ ಇರುವಾಗ ವಿರೋಧ ಸಲ್ಲಿಸಿದೆವು; ಶುಲ್ಕ 2,700 ರೂಪಾಯಿ. ಅದೇ ದಿನ ನಮ್ಮ ಅರ್ಜಿಯನ್ನೂ ಹಾಕಿದೆವು. ಸಂಜೆ ವೈನಿ ಅತ್ತಿಗೆ ಫೋನ್ ಮಾಡಿ, ಅಚ್ಚು ಹಾಕಿಸಿದ ಲೇಬಲ್ ತೀರುವ ತನಕ ಅವನು ಮಾರಿಕೊಳ್ಳಲಿ ಅಂದರು. ವಕೀಲರಿಗೆ ಇದನ್ನು ಹೇಳಿದಾಗ ಅವರು ಹಣೆ ಹಣೆ ಬಡಿದುಕೊಂಡರು.

ನೋಟಿಸು ತಲುಪಿದ ಮೇಲೆ ಎದುರು ಉತ್ತರ ಕೊಡಲು ಅವನಿಗೆ ಎರಡು ತಿಂಗಳು ಇದೆ. ಕೊಡದಿದ್ದರೆ ಅರ್ಜಿ ಕೈಬಿಟ್ಟಂತೆ. ಸೋತೆ ಅಂತ ಎಲ್ಲೂ ಬರೆದು ಕೊಡಬೇಕಿಲ್ಲ, ಸುಮ್ಮನಿದ್ದರೆ ಸಾಕು. ಇವತ್ತಿಗೆ ಇನ್ನೂ 19 ದಿನ ಉಳಿದಿವೆ. ಅತ್ತಿ ಐತವಾರಕ್ಕೊಮ್ಮೆ ಫೋನ್ ಮಾಡುತ್ತಾರೆ. ಮಳೆ, ತೊಗರಿ, ಮೊಣಕಾಲು ನೋವು, ಎಲ್ಲ ಮಾತಾಡುತ್ತಾರೆ, ಇದೊಂದು ಬಿಟ್ಟು.

ಮೊನ್ನೆ ವೈನಿ ಸೊಲ್ಲಾಪುರದ ಕಡೆ ಹೊರಟವರ ಕೈಯಲ್ಲಿ ಅತ್ತಿಗೆ ಎರಡು ಕಿಲೋ ಹಿಂಡಿ ಕಟ್ಟಿ ಕಳಿಸಿದರು. ಡಬ್ಬಿಗೆ ಸ್ಟಿಕ್ಕರ್ ಅಂಟಿಸಿರಲಿಲ್ಲ.