ನೆಲದಡಿಯ ಭಯ, ನೆಲದ ಮೇಲಿನ ನಗು

ರಕ್ತ ಚೆಲ್ಲುವ ದೈತ್ಯಹುಳುಗಳ ಚಿತ್ರವನ್ನು ನಿಮ್ಮ ಮೇಷ್ಟರು ಮೆಚ್ಚಿದರೆಂದರೆ ಅಚ್ಚರಿಯಾದೀತು. ರಾನ್ ಅಂಡರ್‌ವುಡ್ ನಿರ್ದೇಶನದ, 1990ರ ‘ಟ್ರೆಮರ್ಸ್’ ಅಂಥದ್ದು. ನೆವಾಡಾದ ಮರುಭೂಮಿಯಲ್ಲೊಂದು ಕಾಲ್ಪನಿಕ ಊರು. ಬೆರಳೆಣಿಕೆಯ ಜನ, ಬಂಡೆ ಉರುಳಿ ಮುಚ್ಚಿದ ದಾರಿ, ಮೂಕವಾದ ದೂರವಾಣಿ. ಹುಳುಗಳಿಗೆ ಕಣ್ಣಿಲ್ಲ, ಹೆಜ್ಜೆಯ ಕಂಪನದಿಂದಲೇ ಬೇಟೆಯನ್ನು ಅರಿಯುತ್ತವೆ. ಬಂಡೆಯನ್ನು ಮಾತ್ರ ಕೊರೆಯಲಾರವು. ಆದ್ದರಿಂದ ಜನರು ಬಂಡೆಯಿಂದ ಬಂಡೆಗೆ ಕೋಲೂರಿ ಜಿಗಿಯುತ್ತಾರೆ! ಸ್ಫೋಟಗೊಂಡ ಹುಳುವಿನ ಕಿತ್ತಳೆ ಬಣ್ಣದ ಮಾಂಸ ಮಳೆಯಾಗಿ ಸುರಿದಾಗ ನನಗೆ ಹೇಸಿಗೆಯೂ ನಗೆಯೂ ಒಟ್ಟಿಗೇ ಬಂದವು. ಮನೆಯಾಕೆ ತೀರಿಕೊಂಡ ಮೇಲೆ ನಾನು ಗಟ್ಟಿಯಾಗಿ ನಕ್ಕದ್ದು ಅದೇ ಮೊದಲು.

ಅಲ್ಲಿ ಉಳಿದವರು ಮಹಾಶೂರರೇನಲ್ಲ. ಛಾವಣಿಯಿಂದ ಛಾವಣಿಗೆ ಕೂಗಿ ಪರಸ್ಪರ ಎಚ್ಚರಿಸಿಕೊಂಡವರು. ಒಂಟಿತನದ ಭಯಕ್ಕೂ ಮದ್ದು ಅದೇ ಇರಬೇಕು. ಆಗಾಗ ದೂರವಾಣಿ ಮಾಡುತ್ತಿರಿ, ಮಕ್ಕಳೇ.