ಮಸ್ಕಿಯ ಬಂಡೆ, ನನ್ನ ನೆವ

ತುಂಗಭದ್ರಾ ಎಡದಂಡೆ ಕಾಲುವೆಗೆ ನೀರಿನ ಬರ ಬರಬಹುದು, ನನಗೆ ನೆವದ ಬರ ಬಂದದ್ದಿಲ್ಲ. ಸಿಂಧನೂರಿನ ನಮ್ಮ ಸಭೆಯಲ್ಲಿ ಅಯ್ಯನವರು ‘ನೆರೆಯವರಿಗೆ ಸುವಾರ್ತೆ ಹೇಳಿದ್ದೀರೇನು?’ ಎಂದು ಕೇಳಿದಾಗಲೆಲ್ಲ ಒಂದಲ್ಲ ಒಂದು ತಯಾರಿರುತ್ತಿತ್ತು. ನನಗೆ ಮಾತು ಬಾರದು. ನಾನು ಅಷ್ಟು ಓದಿಕೊಂಡವನಲ್ಲ. ಮೊದಲು ನಾನು ನೆಟ್ಟಗಾಗಲಿ, ಆಮೇಲೆ ಊರಿಗೆ ಹೇಳೋಣ. ಈ ಕೊನೆಯದು ಬಲು ಬಾಳಿಕೆಯದು. ಕೇಳಿದವರಿಗೆ ವಿನಯದಂತೆ ಕಾಣುತ್ತದೆ, ಅದರ ವಾಯಿದೆಯೂ ಎಂದೂ ಮುಗಿಯುವುದಿಲ್ಲ.

ಸತ್ಯವೇದದ ಹಿರಿಯರೂ ಈ ವಿದ್ಯೆಯಲ್ಲಿ ಕಡಿಮೆಯವರಲ್ಲ. ಮೋಶೆ ತನ್ನ ನಾಲಿಗೆ ಮಂದ ಎಂದ, ಯೆರೆಮೀಯ ತಾನಿನ್ನೂ ಹುಡುಗ ಎಂದ. ಯೋನನಂತೂ ಉತ್ತರವನ್ನೇ ಕೊಡದೆ ಹಡಗು ಹತ್ತಿ ಎದುರು ದಿಕ್ಕಿಗೆ ಹೊರಟ. ಸಿಂಧನೂರಿನಲ್ಲಿ ಹಡಗಿಲ್ಲ, ಲಿಂಗಸುಗೂರಿನ ಬಸ್ಸಿದೆ.

ಆ ಬಸ್ಸು ಮಸ್ಕಿಯ ಮೇಲೆ ಹಾದು ಹೋಗುತ್ತದೆ. ಚಿನ್ನದ ಜಾಡು ಹುಡುಕುತ್ತಿದ್ದ ಬೀಡನ್ ಎಂಬ ಇಂಜಿನಿಯರನಿಗೆ 1915ರಲ್ಲಿ ಇಲ್ಲಿನ ಬಂಡೆಯೊಂದರ ಮೇಲೆ ಬ್ರಾಹ್ಮಿ ಅಕ್ಷರ ಕಂಡವು. ಉಳಿದ ಕಡೆ ‘ದೇವಾನಂಪ್ರಿಯ’ ಎಂದು ಕರೆಸಿಕೊಂಡ ದೊರೆಯ ಜೊತೆಗೆ ಅಶೋಕ ಎಂಬ ಹೆಸರು ಮೊದಲು ಸಿಕ್ಕಿದ್ದು ಇಲ್ಲಿಯೇ. ಇಷ್ಟನ್ನು ನಮ್ಮ ಕಡೆಯ ಶಾಲೆ ಹುಡುಗರೂ ಒಪ್ಪಿಸುತ್ತಾರೆ. ಹೆಸರು ಸಿಕ್ಕ ಸಂಭ್ರಮದಲ್ಲಿ ಆತ ಹೇಳಿದ್ದೇನು ಎಂಬುದು ಹಿಂದೆ ಬಿತ್ತು. ನಮ್ಮ ಸಭೆಯ ಲೆಕ್ಕದಲ್ಲಿ ಅದು ಅಪ್ಪಟ ಸಾಕ್ಷಿ. ಬುದ್ಧನ ಮಾರ್ಗಕ್ಕೆ ಬಂದು ಎರಡೂವರೆ ವರ್ಷ ದಾಟಿತು, ಸಂಘದ ಹತ್ತಿರ ಹೋಗಿ ಮನಸ್ಸಿಟ್ಟು ದುಡಿಯತೊಡಗಿ ವರ್ಷದ ಮೇಲಾಯಿತು ಎನ್ನುತ್ತಾನೆ. ಇದೇ ಶಾಸನದ ಬ್ರಹ್ಮಗಿರಿಯ ಪಾಠದಲ್ಲಿ, ಮೊದಲ ಒಂದು ವರ್ಷ ತಾನು ಅಷ್ಟಾಗಿ ಶ್ರಮಪಡಲಿಲ್ಲ ಎಂಬುದೂ ಇದೆ. ತನ್ನ ಮೈಗಳ್ಳತನವನ್ನು ಕಲ್ಲಿಗೆ ಹಾಕಿಸಿದ ಚಕ್ರವರ್ತಿ! ನೆಟ್ಟಗಾದ ಮೇಲೆ ಹೇಳೋಣ ಎಂದು ಆತ ಕಾಯಲಿಲ್ಲ. ಮುಂದಿನ ಮಾತಂತೂ ನನ್ನನ್ನೇ ಹೆಸರು ಹಿಡಿದು ಕರೆದಂತಿದೆ: ಇದು ದೊಡ್ಡವರ ಕೈಯಲ್ಲಷ್ಟೇ ಆಗುವಂಥದ್ದು ಎಂದುಕೊಳ್ಳಬೇಡಿ, ಸಣ್ಣವನಿಗೂ ಸಾಧ್ಯ, ಸಣ್ಣವರಿಗೂ ದೊಡ್ಡವರಿಗೂ ಇದನ್ನು ಹೇಳಬೇಕು. ಕೊಪ್ಪಳದ ಗವಿಮಠದಲ್ಲೂ ಪಾಲ್ಕಿಗುಂಡಿನಲ್ಲೂ ಅದನ್ನೇ ಮತ್ತೆ ಬರೆಸಿದ. ಆತನಿಗೊಂದು ಅನುಕೂಲವಿತ್ತೆನ್ನಿ. ಬಂಡೆಗೆ ಬರೆಸಿದರೆ ಓದುವವರ ಮುಖ ನೋಡುವ ಪ್ರಸಂಗ ಬರುವುದಿಲ್ಲ.

‘ನಮ್ಮದು ಹೊರಗಿನಿಂದ ಬಂದದ್ದು, ಇಲ್ಲಿಯವರಿಗೆ ಹೇಗೆ ಹೇಳಲಿ’ ಎಂಬುದೂ ನನ್ನ ಚೀಲದಲ್ಲಿತ್ತು. ಅಶೋಕನ ಧರ್ಮವೂ ಮಸ್ಕಿಯಲ್ಲಿ ಹುಟ್ಟಿದ್ದಲ್ಲ. ಲಿಂಗಸುಗೂರು ತಾಲೂಕಿನ ಮುದಗಲ್ಲಿನಲ್ಲಿ ಆದಿಲ್‌ಶಾಹಿಗಳ ಕಾಲದಿಂದಲೇ ಕ್ರೈಸ್ತರಿದ್ದಾರೆ. ಇನ್ನು ಮಾತು ಬಾರದು ಎಂಬ ನೆವ ನನಗಿಂತ ಜಾನ್ ಹ್ಯಾಂಡ್ಸ್‌ಗೆ ಚೆನ್ನಾಗಿ ಒಪ್ಪುತ್ತಿತ್ತು. ಲಂಡನ್ ಮಿಷನ್ನಿನಿಂದ 1810ರಲ್ಲಿ ಬಳ್ಳಾರಿಗೆ ಬಂದಾಗ ಆತನಿಗೆ ನಿಜವಾಗಿಯೂ ಮಾತು ಬಾರದು. ಕನ್ನಡ ಕಲಿತು, ಜೊತೆಗಾರ ವಿಲಿಯಂ ರೀವ್ ಮೊದಲಾದವರೊಡನೆ ಕೂತು, 1831ರ ಹೊತ್ತಿಗೆ ಇಡೀ ಸತ್ಯವೇದವನ್ನು ಕನ್ನಡದಲ್ಲಿ ತಂದ.

ಈಚೆಗೆ ಕೈಗೆ ಸಿಕ್ಕದ್ದು ‘ಕಾಲ ಸರಿಯಿಲ್ಲ’. 2022ರಲ್ಲಿ ರಾಜ್ಯದಲ್ಲಿ ಮತಾಂತರದ ಕಾಯ್ದೆ ಬಂತು. ಮನೆಯ ಪ್ರಾರ್ಥನೆಗೂ ಬಾಗಿಲು ಮುಂದೆ ಮಾಡಿಕೊಂಡವರಿದ್ದರು. ಆ ಅಂಜಿಕೆಯನ್ನು ನೆವ ಎನ್ನಲಾರೆ. ಆದರೂ ಸಂವಿಧಾನದ 25ನೇ ವಿಧಿಯಲ್ಲಿ ಧರ್ಮದ ಪ್ರಚಾರಕ್ಕೂ ಹಕ್ಕಿದೆ. ತನ್ನ ಧರ್ಮದ ತತ್ವವನ್ನು ತಿಳಿಸಲು ಹಕ್ಕುಂಟು, ಇನ್ನೊಬ್ಬರನ್ನು ಮತಾಂತರಿಸುವ ಹಕ್ಕಿಲ್ಲ ಎಂದು 1977ರಲ್ಲಿ ಸುಪ್ರೀಂ ಕೋರ್ಟು ಗೆರೆ ಎಳೆಯಿತು. ನಮ್ಮವರಲ್ಲಿ ಕೆಲವರಿಗೆ ಆ ತೀರ್ಪಿನ ಮೇಲೆ ಸಿಟ್ಟಿದೆ. ನನಗೆ ಮಾತ್ರ ಅದರಿಂದ ಹೆಗಲ ಭಾರ ಇಳಿಯಿತು. ಎದುರಿನವನ ಮನಸ್ಸು ತಿರುಗಿಸುವ ಗುತ್ತಿಗೆ ನನ್ನದಲ್ಲ, ಕೇಳಿದವನಿಗೆ ಹೇಳಿದರಾಯಿತು. ಪೇತ್ರನ ಪತ್ರವೂ ಕೇಳಿದವರಿಗೆ ಸೌಮ್ಯವಾಗಿ, ಮರ್ಯಾದೆಯಿಂದ ಉತ್ತರ ಕೊಡಿ ಎಂದೇ ಹೇಳುತ್ತದೆ.

ಕೇಳಿದವನು ಸಿಕ್ಕಿದ್ದು ಬಸ್ಸಿನಲ್ಲಿ, ಡಿಸೆಂಬರಿನಲ್ಲಿ. ನನ್ನ ತೊಡೆಯ ಮೇಲೆ ಮಡಚಿದ ಕಾಗದದ ನಕ್ಷತ್ರ, ಪಕ್ಕದಲ್ಲಿ ಭತ್ತ ಮಾರಿ ಬಂದ ರೈತ. ಮಸ್ಕಿ ದಾಟಿತ್ತು.

‘ನಿಮ್ ಹಬ್ಬ ಅಂದ್ರ ಕೇಕ್ ತಿನ್ನೋದಷ್ಟೇ ಏನ್ರಿ ಸರ?’

ಹೇಳಿದೆ. ದನದ ಕೊಟ್ಟಿಗೆಯಿಂದ ಶಿಲುಬೆಯವರೆಗೆ, ಕಂಡಕ್ಟರ್ ಸೀಟಿ ಊದಿದಾಗ ತಡೆದು, ಮತ್ತೆ ಮುಂದುವರಿದು. ಸಾಯುವಾಗ ಯೇಸು ಕೊಲ್ಲುವವರನ್ನೇ ಕ್ಷಮಿಸು ಎಂದು ಬೇಡಿದ್ದನ್ನೂ, ನನ್ನ ಕಷ್ಟದ ದಿನಗಳಲ್ಲಿ ಆ ಮಾತನ್ನೇ ಹಿಡಿದು ಕೂತದ್ದನ್ನೂ. ಆತ ಎಲೆಗೆ ಸುಣ್ಣ ಸವರುವುದನ್ನು ನಿಲ್ಲಿಸಿದ.

‘ಕೊಂದೋರ್ನೂ ಬಿಟ್ಟಾನೇನ್ರಿ?’

‘ಬಿಟ್ಟಾನ.’

‘ಅಲ್ರಿ ಸರ, ನಮ್ಮ ತಮ್ಮ ಹೊಲದ ಒಡ್ಡು ಒತ್ಯಾನ. ಅವಂಗೂ ಬಿಡ್ಬೇಕೇನು?’

ಮೋಶೆಯ ನಾಲಿಗೆ ಆಗ ನನ್ನ ಬಾಯಿಗೆ ಬಂತು. ಸರ್ವೆ ಮಾಡಿಸಿದ್ದೀರಾ ಎಂದೆ. ಮಾಡಿಸಿದ್ದನಂತೆ, ತಮ್ಮ ಒಪ್ಪಿಲ್ಲವಂತೆ. ಮಾತು ಬಿಟ್ಟು ಎಷ್ಟು ದಿನವಾಯಿತು ಎಂದೆ. ತಾಯಿ ತೀರಿಕೊಂಡಾಗಿನಿಂದ, ಎಂದ. ಲಿಂಗಸುಗೂರು ಬರುವವರೆಗೂ ಇಬ್ಬರೂ ಆ ತಮ್ಮನ ವಿಷಯವನ್ನೇ ಮಾತಾಡಿದೆವು.